ನಡುಗದ ನೆಲವನ್ನು ಹುಡುಕಿಕೊಂಡು

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ಗಡಿಯಾರದ ಗೋಪುರಗಳ ವಿಷಯ ಬರೆಯುತ್ತಾರೆ. ನಾನು ಅಲ್ಲಿದ್ದ ಒಂಬತ್ತು ವಾರಗಳಲ್ಲಿ ಹೆಚ್ಚಾಗಿ ನೋಡಿದ್ದು ನೆಲವನ್ನು. ಯಾವ ಕಟ್ಟಡಕ್ಕೆ ಹೋದರೂ ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೆಜ್ಜೆಯಿಡುತ್ತಿದ್ದ ನನ್ನನ್ನು ಕಂಡು, ಭಾರತದ ಹೆಣ್ಣುಮಕ್ಕಳಿಗೆ ಎಷ್ಟು ನಾಚಿಕೆ ಎಂದು ನಾನಿದ್ದ ಊರಿನ ಹೆಂಗಸರು ಮಾತಾಡಿಕೊಂಡರಂತೆ. ನನಗೆ ನಾಚಿಕೆಯೇನೂ ಇರಲಿಲ್ಲ. ಕಾಲ ಕೆಳಗಿನದು ನಡುಗುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದೆ, ಅಷ್ಟೆ.

ಮದರಾಸು

ನಮ್ಮದು ಬಳ್ಳಾರಿ ಕಡೆಯ ಮನೆತನ. ತಂದೆಯವರು ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು ಅಡ್ಯಾರಿನಲ್ಲಿ ನೆಲೆಸಿಬಿಟ್ಟರು. ಮನೆಯೊಳಗೆ ಬಳ್ಳಾರಿ ಕನ್ನಡ, ಬಾಗಿಲು ದಾಟಿದರೆ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ನಾನು ಎಂಜಿನಿಯರಿಂಗ್ ಓದಿ, ಗಿಂಡಿಯ ಕಡೆ ಉಕ್ಕಿನ ತೊಲೆ, ಛಾವಣಿಗಳನ್ನು ಮಾಡುವ ಕಂಪನಿಯೊಂದರಲ್ಲಿ ವಿನ್ಯಾಸದ ಕೆಲಸಕ್ಕಿದ್ದೆ. ಆ ದೊಡ್ಡ ಡ್ರಾಯಿಂಗ್ ಹಾಲಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ.

ಆಗ ಒಂದು ವಿಮಾ ಕಂಪನಿ ಎಗ್ಮೋರ್ ನಿಲ್ದಾಣದ ಸಮೀಪ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಿಸಲು ಹೊರಟಿತ್ತು. ಅದರ ಮ್ಯಾನೇಜರ್ ವರದಾಚಾರ್ಯರಿಗೆ ಒಂದೇ ಚಿಂತೆ. ಇವತ್ತು ಬೇಕಾದ ಕೋಣೆ ಐದು ವರ್ಷದ ಮೇಲೆ ಬೇಡವಾಗುತ್ತದೆ. ಆಗ ಯಾವ ಕೋಣೆ ಬೇಕಾಗುತ್ತದೋ ಇವತ್ತು ಗೊತ್ತಿಲ್ಲ. ಆದ್ದರಿಂದ ಒಳಗೋಡೆಗಳನ್ನು ಸರಿಸುವಂತಿರಬೇಕು, ಟೆಲಿಫೋನಿನ ತಂತಿ, ನೀರಿನ ಕೊಳವೆಗಳನ್ನು ಬೇಕಾದ ಕಡೆಗೆ ಎಳೆಯುವಂತಿರಬೇಕು, ಅದಕ್ಕಾಗಿ ಪ್ರತಿ ಸಲವೂ ಕಾಂಕ್ರೀಟು ಒಡೆಯುತ್ತ ಕೂರಬಾರದು.

ನಾನು ಇದಕ್ಕೆಂದು ಒಂದು ಉಕ್ಕಿನ ನೆಲವನ್ನು ಯೋಚಿಸಿದೆ. ಎಲ್ಲವೂ ಒಂದೇ ಅಳತೆಯ ಪ್ಯಾನೆಲ್ಲುಗಳು. ಬಾಗಿಲಿನ ರೆಕ್ಕೆಯಂತೆ ಉದ್ದವಾದ ತಗಡು, ಬಾಗದಿರಲೆಂದು ಕೆಳಗಡೆ ಮಡಿಕೆಗಳು. ಅವನ್ನು ತೊಲೆಯಿಂದ ತೊಲೆಗೆ ಸಾಲಾಗಿ ಕೂರಿಸಿ ಎರಡು ತುದಿಗೆ ಬೋಲ್ಟು ಹಾಕಿದರೆ ನೆಲ ಸಿದ್ಧ. ತಂತಿ, ಕೊಳವೆಗಳೆಲ್ಲ ಅದರಡಿಯಲ್ಲಿ. ಯಾವ ಪ್ಯಾನೆಲ್ ಬೇಕೋ ಅದೊಂದನ್ನೇ, ಪಕ್ಕದ್ದನ್ನು ಮುಟ್ಟದೆ ಎತ್ತಬಹುದು. ಈ ಕೊನೆಯ ಗುಣದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಕಂಪನಿಯ ಅಂಗಳದಲ್ಲೇ ಒಂದು ಮಾದರಿ ಕೋಣೆ ಕಟ್ಟಿ ವರದಾಚಾರ್ಯರನ್ನು ಕರೆದೆವು. ಅವರು ಮೈಸೂರು ಕಡೆಯ ಅಯ್ಯಂಗಾರ್ಯರು, ಮೂರು ತಲೆಮಾರಿನಿಂದ ಮದರಾಸಿನ ತಿರುವಲ್ಲಿಕೇಣಿಯಲ್ಲಿದ್ದವರು. ಕುರ್ಚಿಯಲ್ಲಿ ಕುಳಿತರು, ಕಾಫಿ ಬಂತು. ನಮ್ಮ ಮುಖ್ಯ ಎಂಜಿನಿಯರ್ ಕೃಷ್ಣಸ್ವಾಮಿಯವರು ಭಾರಿ ಆಳು. ಅವರು ಆಚೆ ತುದಿಯಿಂದ ಕೈಮುಗಿಯುತ್ತ ನಡೆದು ಬಂದರು. ಅವರ ಒಂದೊಂದು ಹೆಜ್ಜೆಗೂ ಮೇಜಿನ ಮೇಲಿದ್ದ ಲೋಟದ ಕಾಫಿ ಕುಲುಕಿ ಕೆಳಗಿನ ಡಬರಿಗೆ ಇಳಿಯಿತು. ಕೊನೆಯ ಹೆಜ್ಜೆಗೆ ಆಚಾರ್ಯರ ಪಂಚೆಗೂ ಇಳಿಯಿತು.

ನೆಲ ಗಟ್ಟಿಯಾಗಿದೆ, ಲೆಕ್ಕದ ಪ್ರಕಾರ ಆನೆಯನ್ನೇ ನಿಲ್ಲಿಸಬಹುದು ಎಂದು ನಾನು ವಿವರಿಸಿದೆ. ಅವರು ಪಂಚೆ ಒರೆಸಿಕೊಳ್ಳುತ್ತ ಸಮಾಧಾನವಾಗಿಯೇ ಹೇಳಿದರು: "ಆನೆಗೆ ನಾವು ಪಾಲಿಸಿ ಕೊಡೋದಿಲ್ಲಮ್ಮ. ನಮ್ ಕ್ಲರ್ಕುಗಳು ಇಲ್ಲಿ ಕೂತ್ಕೊಂಡು ಬರೀಬೇಕು. ಸ್ಟ್ರಾಂಗ್ ಇರ‍್ಬಹುದು, ಆದ್ರೆ ಪಕ್ಕದವನು ಎದ್ದು ಹೋದ್ರೆ ಇವನ ಅಕ್ಷರ ಸೊಟ್ಟ ಆಗತ್ತಲ್ಲ."

ಪೊಂಗಲ್‌ವರೆಗೆ ಕಾಯುತ್ತೇನೆ, ಅಷ್ಟರಲ್ಲಿ ನಡುಕ ನಿಲ್ಲದಿದ್ದರೆ ಕಾಂಕ್ರೀಟೇ ಗತಿ ಎಂದು ಹೇಳಿ ಹೋದರು. ತಗಡನ್ನು ದಪ್ಪ ಮಾಡಿದರೆ ನಡುಕ ತಗ್ಗುತ್ತಿತ್ತು ನಿಜ. ಆದರೆ ಆ ದಿನಗಳಲ್ಲಿ ಉಕ್ಕು ಸರ್ಕಾರದ ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಸಾಮಾನು. ನಮಗೆ ಮಂಜೂರಾದದ್ದು ತೆಳು ತಗಡಿಗೆ ಮಾತ್ರ. ಈ ಕೆಲಸ ಕೈತಪ್ಪಿದರೆ ನನ್ನ ವಿಭಾಗವನ್ನೇ ಮುಚ್ಚುವ ಮಾತೂ ನಡೆದಿತ್ತು. ನಮ್ಮ ಕಂಪನಿಗೆ ವ್ಯವಹಾರವಿದ್ದ ಇಂಗ್ಲೆಂಡಿನ ಕಾರ್ಖಾನೆಯೊಂದು ಅಲ್ಲಿನ ಶಾಲೆಗಳಿಗೆ ಇಂಥದೇ ನೆಲ ಮಾಡುತ್ತಿತ್ತು. ಅಲ್ಲಿಗೆ ಹೋಗಲು ಕೃಷ್ಣಸ್ವಾಮಿಯವರ ಹೆಸರೇ ಮೊದಲು ಬಂದದ್ದು. ನೆಲ ಯಾರು ಮಾಡಿದರೋ ಅವರೇ ಹೋಗಲಿ ಎಂದು ಅವರು ಫೈಲನ್ನು ನನ್ನ ಮೇಜಿನ ಮೇಲಿಟ್ಟರು. ಅದು ಶಿಕ್ಷೆಯೋ ಬಹುಮಾನವೋ ನನಗೆ ಆ ಕ್ಷಣ ತಿಳಿಯಲಿಲ್ಲ.

ಅಮ್ಮನ ಪ್ರಶ್ನೆ ಬೇರೆ ಇತ್ತು. "ಅಲ್ಲಿ ಏನ್ ತಿಂತೀಯೇ ನೀನು? ಅವಲಕ್ಕಿ ಎಷ್ಟ್ ದಿನಾ ಬರ್ತದೆ?" ಎನ್ನುತ್ತಲೇ ಅವಲಕ್ಕಿ, ಸಾರಿನ ಪುಡಿ, ಒಂದು ತಗಡಿನ ಡಬ್ಬಿಯ ತುಂಬ ಇಂಗು ಕಟ್ಟಿದಳು. ಅಣ್ಣನ ಮಗಳು ಎಂದಿನಂತೆ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಟ್ಟಳು: ಅಲ್ಲಿಂದ ಬರುವಾಗ ತನಗೆ ಹಿಮ ಬೇಕಂತೆ.

ಹಡಗಿನಲ್ಲಿ

ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಮೊದಲ ನಾಲ್ಕು ದಿನ ಏನು ನೋಡಿದೆನೋ ಹೇಳಲಾರೆ, ಮಲಗಿದ್ದೆ. ಐದನೆಯ ದಿನ ಎದ್ದು ಊಟದ ಹಾಲಿಗೆ ಹೋದಾಗ ಒಂದು ವಿಷಯ ಹೊಳೆಯಿತು. ಹಡಗಿನ ನೆಲವೂ ಉಕ್ಕಿನದೇ. ಯಂತ್ರದ ಅದುರು ಹಗಲೂ ರಾತ್ರಿ ಅಂಗಾಲಿಗೆ ತಾಗುತ್ತಲೇ ಇತ್ತು. ಲೋಟಗಳು ಸಣ್ಣಗೆ ಗುಣುಗುತ್ತಿದ್ದವು. ಆದರೂ ಆ ನೂರಾರು ಜನರಲ್ಲಿ ಒಬ್ಬರೂ ದೂರುತ್ತಿರಲಿಲ್ಲ, ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಎದುರಿಗೆ ಕುಳಿತಿದ್ದ ಪಾರ್ಸಿ ಮುದುಕಿಯೊಬ್ಬರನ್ನು ಇದು ತೊಂದರೆಯೆನಿಸುವುದಿಲ್ಲವೇ ಎಂದು ಕೇಳಿದೆ. ಯಂತ್ರ ತನ್ನ ಕೆಲಸ ಮಾಡುತ್ತಿದೆ, ಅದರಲ್ಲಿ ನನಗೇನು ತೊಂದರೆ ಎಂದರು. ಅಷ್ಟರಲ್ಲಿ ಮಾಣಿಯೊಬ್ಬ ಪಕ್ಕದಿಂದ ಧಡಧಡ ಓಡಿಹೋದ. ಮುದುಕಿ ಥಟ್ಟನೆ ಹುಬ್ಬು ಗಂಟಿಕ್ಕಿ ಅವನ ಬೆನ್ನನ್ನೇ ದುರುಗುಟ್ಟಿ ನೋಡಿದರು.

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನುಷ್ಯರಿಗೆ ನಡುಕ ಸಹಿಸಲಾಗದ್ದೇನಲ್ಲ. ಇನ್ನೊಬ್ಬ ಮನುಷ್ಯನ ಹೆಜ್ಜೆ ತನ್ನ ಕುರ್ಚಿಗೆ ಬಂದು ತಟ್ಟುವುದನ್ನು ಮಾತ್ರ ಅವರು ಸಹಿಸುವುದಿಲ್ಲ.

ಗಣಿಯ ಊರು

ಲಂಡನ್ನಿನಿಂದ ರೈಲಿನಲ್ಲಿ ಉತ್ತರಕ್ಕೆ ಅರ್ಧ ದಿನ. ಕಲ್ಲಿದ್ದಲ ಗಣಿಗಳ ನಡುವಿನ ಸಣ್ಣ ಊರು. ಇಟ್ಟಿಗೆಯ ಮನೆಗಳೆಲ್ಲ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ನಿಲ್ದಾಣದಲ್ಲಿ ಅರವತ್ತರ ಆಸುಪಾಸಿನ, ಒಂದು ಕಾಲು ಸ್ವಲ್ಪ ಎಳೆಯುವ ಮನುಷ್ಯ "ಮಿಸ್ಟರ್ ಬಿ. ಪದ್ಮಾವತಿ" ಎಂದು ಬರೆದ ರಟ್ಟು ಹಿಡಿದು ನಿಂತಿದ್ದ. ನಾನು ಹತ್ತಿರ ಹೋಗಿ ನಾನೇ ಎಂದೆ. ಆತ ರಟ್ಟನ್ನೊಮ್ಮೆ, ನನ್ನ ಸೀರೆಯನ್ನೊಮ್ಮೆ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

ತೊಡಕು ಸಣ್ಣದಲ್ಲ. ನನಗೆ ಕಾದಿರಿಸಿದ್ದು ಕಾರ್ಖಾನೆಯ ಬ್ರಹ್ಮಚಾರಿಗಳ ವಸತಿಗೃಹದಲ್ಲಿ. ನಮ್ಮ ಆಫೀಸಿನ ಕಾಗದಗಳಲ್ಲಿ ನನ್ನ ಹೆಸರಿತ್ತೇ ಹೊರತು ನಾನು ಹೆಂಗಸೆಂದು ಯಾರೂ ಬರೆದಿರಲಿಲ್ಲ, ಇವರೂ ಕೇಳಿರಲಿಲ್ಲ. ಆ ಮನುಷ್ಯನ ಹೆಸರು ವಾಲ್ಟರ್ ಬೂತ್. ಕಾರ್ಖಾನೆಯ ಪರೀಕ್ಷಾ ಶೆಡ್ಡಿನ ಹಿರಿಯ ಫಿಟ್ಟರ್. ರಸ್ತೆ ಮೂಲೆಯ ಟೆಲಿಫೋನ್ ಡಬ್ಬಿಯಿಂದ ಯಾರಿಗೋ ಮಾತಾಡಿ ಬಂದು, ಮಗಳು ಮದುವೆಯಾಗಿ ಹೋದ ಮೇಲೆ ತಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಹೆಂಡತಿ ಎಲ್ಸಿ ಹೂಂ ಎಂದಿದ್ದಾಳೆ ಎಂದ. ಹೀಗೆ ಒಂದು ಗುಮಾಸ್ತಿಕೆಯ ತಪ್ಪಿನಿಂದ ನನಗೆ ಆ ದೇಶದಲ್ಲಿ ಒಂದು ಮನೆ ಸಿಕ್ಕಿತು.

ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ "ಲವ್" ಎಂದು ಕರೆಯುತ್ತಾರೆ. ಬಸ್ಸಿನ ಕಂಡಕ್ಟರ್ ಮೊದಲ ದಿನ ಟಿಕೇಟು ಕೊಡುತ್ತ ಹಾಗೆಂದಾಗ ನಾನು ಸೆಟೆದು ಕುಳಿತೆ. ಎರಡು ದಿನ ಕಳೆಯುವಷ್ಟರಲ್ಲಿ ಅರ್ಥವಾಯಿತು, ಇದು ನಮ್ಮ ಅಡ್ಯಾರಿನ ತರಕಾರಿಯವನು ಕರೆಯುವ "ಅಮ್ಮಾ" ಇದ್ದ ಹಾಗೆ ಎಂದು. ಅಲ್ಲಿಂದ ಮುಂದೆ ಯಾರಾದರೂ ಹಾಗೆ ಕರೆಯದಿದ್ದರೆ ಏನೋ ಕೋಪವಿರಬೇಕು ಎನಿಸುತ್ತಿತ್ತು.

ಎಲ್ಸಿಗೆ ನನ್ನ ಊಟ ದೊಡ್ಡ ಸಮಸ್ಯೆಯಾಯಿತು. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ ಎಂದರೆ ಇನ್ನೇನಿದೆ ಎಂದು ಪ್ರಾಮಾಣಿಕವಾಗಿ ಕೇಳಿದಳು. ಎರಡು ವಾರ ಆಲೂಗೆಡ್ಡೆಯನ್ನು ನಾನಾ ರೂಪಗಳಲ್ಲಿ ತಿಂದು, ಒಂದು ಶನಿವಾರ ಆಕೆಯ ಅನುಮತಿ ಪಡೆದು ಸಾರು ಮಾಡಿದೆ. ಬೆಣ್ಣೆ ಕಾಯಿಸಿ ಇಂಗು ಹಾಕಿದ್ದೇ ತಡ, ಘಮಘಮ ಎಂದಿತು. ನನಗೆ ಅಡ್ಯಾರಿನ ಅಡಿಗೆಮನೆಯಲ್ಲಿ ನಿಂತಂತಾಯಿತು. ಹತ್ತು ನಿಮಿಷದಲ್ಲಿ ಪಕ್ಕದ ಮನೆಯಾಕೆ ಏಪ್ರನ್ನಿನಲ್ಲೇ ಓಡಿ ಬಂದು ಬಾಗಿಲು ಬಡಿದಳು. ಗೋಡೆಯಾಚೆಯಿಂದ ಗ್ಯಾಸು ಸೋರುತ್ತಿದೆಯೆಂದು ಆಕೆ ಕಿಟಕಿಗಳನ್ನೆಲ್ಲ ತೆರೆದು ಗ್ಯಾಸಿನವರಿಗೆ ಫೋನು ಮಾಡಿಸಿಬಿಟ್ಟಿದ್ದಳು. ಬಂದವನು ಕರ್ತವ್ಯನಿಷ್ಠ. ಒಲೆ, ಕೊಳವೆ, ಮೀಟರು ಎಲ್ಲವನ್ನೂ ಮೂಸಿದ. ಕೊನೆಗೆ ನಾನು ಡಬ್ಬಿ ತೆರೆದು ಮೂಗಿನ ಕೆಳಗೆ ಹಿಡಿದೆ. ಎರಡು ಹೆಜ್ಜೆ ಹಿಂದೆ ಸರಿದು, ಇದನ್ನು ನೀವು ತಿನ್ನುತ್ತೀರಾ ಎಂದು ಕೇಳಿದ. ವಾಲ್ಟರ್ ಒಂದು ಬಟ್ಟಲು ಸಾರು ಕುಡಿದು, ಬೆವರು ಒರೆಸಿಕೊಂಡು, ಇನ್ನೊಂದು ಬಟ್ಟಲು ಕೇಳಿದ. ಆ ಬೀದಿಯಲ್ಲಿ ನನಗೆ ಹೆಸರು ಬಂದದ್ದು ಹೀಗೆ.

ಪರೀಕ್ಷಾ ಶೆಡ್ಡು

ಅಲ್ಲಿನ ಎಂಜಿನಿಯರುಗಳು ಸಜ್ಜನರು. ಕೋಷ್ಟಕಗಳನ್ನೆಲ್ಲ ಬಿಚ್ಚಿ ತೋರಿಸಿದರು. ಗಣಿ ಅಗೆದ ಜಾಗದಲ್ಲಿ ಭೂಮಿಯೇ ಕುಸಿಯುವುದರಿಂದ ಅಲ್ಲಿನ ಶಾಲೆಗಳನ್ನು ಹಗುರವಾದ ಉಕ್ಕಿನ ಚೌಕಟ್ಟಿನಲ್ಲಿ, ಬಿಚ್ಚಿ ಜೋಡಿಸುವಂತೆ ಕಟ್ಟುತ್ತಿದ್ದರು. ಅವರ ಪ್ಯಾನೆಲ್ಲು ಹೆಚ್ಚುಕಡಿಮೆ ನನ್ನದೇ. ಆದರೆ ಶೆಡ್ಡಿನಲ್ಲಿದ್ದದ್ದು ಹೊಸ ಮಾದರಿ, ತಗಡು ನನ್ನದಕ್ಕಿಂತ ಬಹಳ ದಪ್ಪ. ನಡುಕಕ್ಕೆ ಮದ್ದೇನೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ತಗಡನ್ನು ದಪ್ಪ ಮಾಡಿ. ಪರ್ಮಿಟ್ಟಿನ ಕಥೆ ಹೇಳಿದರೆ ಪಾಪ, ಕೇಳಿಸಿಕೊಂಡು ಮತ್ತೆ ಅದೇ ಕೋಷ್ಟಕವನ್ನು ನನ್ನ ಮುಂದೆ ಸರಿಸುತ್ತಿದ್ದರು.

ವಾಲ್ಟರ್ ಮಾತ್ರ ಕೋಷ್ಟಕ ನೋಡುತ್ತಿರಲಿಲ್ಲ. ನೆಲದ ನಡುವೆ ನಿಂತು, ತುದಿಗಾಲ ಮೇಲೆ ಎದ್ದು, ಹಿಮ್ಮಡಿಗಳನ್ನು ಧಪ್ಪನೆ ಬಿಡುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ನೆಲ ಏನು ಹೇಳುತ್ತದೆಂದು ಕಾಯುತ್ತಿದ್ದ. ನನಗೂ ಕಲಿಸಿದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಾನದನ್ನು ಮಾಡಿದಾಗ, ಬೂಟಿಗಿಂತ ಬರಿಗಾಲಿಗೇ ಹೆಚ್ಚು ತಿಳಿಯುತ್ತದೆ ಎಂದು ಒಪ್ಪಿಕೊಂಡ. ಆತ ಮೊದಲು ಗಣಿಯಲ್ಲಿದ್ದವನು. ಮೇಲಿಂದ ಕುಸಿದ ಕಲ್ಲಿನಡಿ ಮೊಣಕಾಲು ಸಿಕ್ಕಿದ ಮೇಲೆ ಈ ಕೆಲಸಕ್ಕೆ ಬಂದದ್ದು.

ಆರನೆಯ ವಾರ ಮುಗಿದರೂ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕೃಷ್ಣಸ್ವಾಮಿಯವರಿಗೆ ಕಾಗದ ಬರೆಯಲು ಕುಳಿತರೆ "ಇಲ್ಲಿ ಎಲ್ಲರೂ ಕ್ಷೇಮ" ಎಂಬುದರ ಮುಂದೆ ಪೆನ್ನು ಓಡುತ್ತಿರಲಿಲ್ಲ. ವಾಲ್ಟರ್ ಅದನ್ನು ನೋಡಿ, ಹೊಸ ನೆಲ ನೋಡಿದ್ದು ಸಾಕು, ಬಳಸಿದ ನೆಲ ನೋಡೋಣ ಬಾ ಎಂದ.

ಶಾಲೆ

ಗುಡ್ಡದ ಪಕ್ಕದ ಒಂದು ಪ್ರಾಥಮಿಕ ಶಾಲೆ. ಅದರ ಮಹಡಿಯ ನೆಲ ಈ ಕಾರ್ಖಾನೆ ಮೊದಮೊದಲು ಮಾಡಿದ್ದು. ತಗಡು ತೆಳು, ನನ್ನ ತಗಡಿನಷ್ಟೇ. ನಾವು ಹೋದಾಗ ಮಕ್ಕಳು ಮನೆಗೆ ಹೊರಟಿದ್ದರು. ಅವರು ಬಾಗಿಲ ಕಡೆ ನುಗ್ಗುವಾಗ ನಾನು ಒಂದು ಮೇಜಿನ ಮೇಲೆ ಅಂಗೈ ಊರಿ ನಿಂತೆ. ಏನೂ ಇಲ್ಲ. ಮೇಜು ಕಲ್ಲಿನ ಮೇಲಿಟ್ಟಂತಿತ್ತು. ಅದೇ ತಗಡು, ಅದೇ ಉದ್ದ, ಇದೇಕೆ ನಡುಗುವುದಿಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

ಕಸ ಗುಡಿಸಿ ನೆಲ ಒರೆಸುವ ಮಿಸೆಸ್ ಡೇಲ್ ಎಂಬ ದಪ್ಪ ಹೆಂಗಸು ಬಕೆಟ್ ಹಿಡಿದು ಬಂದಳು. ನಾನು ಬರಿಗಾಲಲ್ಲಿ ಧಪ್ ಧಪ್ ಎನ್ನುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಏನು ಹುಡುಕುತ್ತಿದ್ದೀಯ ಎಂದು ಕೇಳಿದಳು. ನಡುಗುವ ಜಾಗ ಎಂದೆ.

"ಹಾಗಾದರೆ ನೀನು ತಪ್ಪು ಮೂಲೆಯಲ್ಲಿದ್ದೀಯ, ಲವ್," ಎಂದಳು ಆಕೆ. "ಪುಸ್ತಕದ ಕಪಾಟಿನ ಹತ್ತಿರ ಬಾ. ನನ್ನ ಬಕೆಟ್ಟಿನ ನೀರು ಅಲ್ಲಿ ಮಾತ್ರ ಕುಣಿಯುತ್ತೆ."

ಅಲ್ಲಿ ಬಕೆಟ್ ಇಟ್ಟು ಆಕೆ ಒಂದು ಸುತ್ತು ನಡೆದಳು. ನೀರಿನ ಮೇಲೆ ಬಳೆ ಬಳೆಯಾಗಿ ಅಲೆಗಳು ಎದ್ದವು. ನನ್ನ ಅಂಗಾಲಿಗೆ ಗಿಂಡಿಯ ಮಾದರಿ ಕೋಣೆಯ ಅದೇ ಅದುರು ತಾಗಿತು. ನಾನೂ ವಾಲ್ಟರನೂ ಮುಖ ಮುಖ ನೋಡಿಕೊಂಡೆವು. ಇದು ಯಾವಾಗಿನಿಂದ ಹೀಗೆ ಎಂದು ಕೇಳಿದರೆ, ಹಿಂದಿನ ವರ್ಷ ವಿದ್ಯುತ್ತಿನವರು ಬಂದು ಇಲ್ಲಿ ನೆಲ ಎತ್ತಿ ತಂತಿ ಎಳೆದು ಹೋದ ಮೇಲೆ ಎಂದಳು. ಯಾರಿಗೂ ಹೇಳಲಿಲ್ಲವೇ ಎಂದರೆ, ಯಾರೂ ಕೇಳಲಿಲ್ಲ ಎಂದಳು.

ಮೇಲೆ ಹಾಸಿದ್ದ ಲಿನೋಲಿಯಂ ಹಾಳೆ ಮಡಚಿ ಎರಡು ಪ್ಯಾನೆಲ್ ಎತ್ತಿದೆವು. ನಾನು ಟಾರ್ಚು ಹಿಡಿದು ಹೊಟ್ಟೆಯ ಮೇಲೆ ಮಲಗಿ ಇಣುಕಿದೆ. ತುದಿಗಳ ಬೋಲ್ಟುಗಳೆಲ್ಲ ಸರಿಯಾಗಿದ್ದವು. ಆದರೆ ಉಳಿದ ಕಡೆ, ಒಂದು ಪ್ಯಾನೆಲ್ಲಿನ ಅಂಚನ್ನು ಪಕ್ಕದ್ದರ ಅಂಚಿಗೆ ಹಿಡಿದಿದ್ದ ಸಣ್ಣ ಸಣ್ಣ ಉಕ್ಕಿನ ಕೊಕ್ಕೆಗಳಿದ್ದವು. ಈ ಮೂಲೆಯಲ್ಲಿ ಮಾತ್ರ ಅವಿರಲಿಲ್ಲ. ಅವನ್ನು ಹಾಕುವುದು ಕಷ್ಟದ ಕೆಲಸ, ಬೆರಳು ತೂರುವುದಿಲ್ಲ. ವಿದ್ಯುತ್ತಿನವರು ಬೇಸತ್ತು ಹಾಗೇ ಬಿಟ್ಟು ಹೋಗಿದ್ದರು. ಕೊಕ್ಕೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಲ್ಲೇ ನೆಲದಡಿ ಕೂತಿದ್ದವು.

ವಾಲ್ಟರ್ ಒಂದೊಂದಾಗಿ ಹಾಕಿದ. ಮಿಸೆಸ್ ಡೇಲ್ ಮತ್ತೆ ಒಂದು ಸುತ್ತು ನಡೆದಳು. ನೀರು ಸುಮ್ಮನಿತ್ತು.

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಬೇಕಾದ್ದು ಹೆಚ್ಚಿನ ಉಕ್ಕಲ್ಲ. ಕೊಕ್ಕೆಯಿದ್ದಾಗ ಒಂದು ಪ್ಯಾನೆಲ್ಲಿನ ಮೇಲೆ ಕಾಲಿಟ್ಟರೆ ಅಕ್ಕಪಕ್ಕದ ಐದಾರು ಸೇರಿ ಆ ಹೆಜ್ಜೆಯನ್ನು ಹೊರುತ್ತಿದ್ದವು. ನನ್ನ ನೆಲದಲ್ಲಿ ಪ್ರತಿಯೊಂದೂ ಒಂಟಿ. ಯಾವುದಕ್ಕೂ ಯಾವುದರ ಹಂಗೂ ಬೇಡ, ಬೇಕಾದ್ದನ್ನು ಬೇಕಾದಾಗ ಎತ್ತಬಹುದು ಎಂದು ನಾನೇ ಹಾಗೆ ಮಾಡಿದ್ದೆ. ಯಾವುದನ್ನು ಜಾಣತನವೆಂದು ಎಲ್ಲರಿಗೂ ತೋರಿಸಿಕೊಂಡಿದ್ದೆನೋ ಅದೇ ತಪ್ಪಾಗಿತ್ತು. ಒಂದು ಕ್ಷಣ ಮುಖ ಬಿಸಿಯಾಯಿತು. ಮರುಕ್ಷಣ ನಗು ಬಂತು. ತಪ್ಪು ಸಿಕ್ಕಿದ್ದೇ ಅಷ್ಟು ಸಂತೋಷವಾಗಿತ್ತು. ಮಿಸೆಸ್ ಡೇಲ್ ನನಗೆ ಒಂದು ಲೋಟ ಚಹಾ ತಂದುಕೊಟ್ಟಳು. ನಾನೇಕೆ ನಗುತ್ತಿದ್ದೇನೆಂದು ಕೇಳಲಿಲ್ಲ.

ರೈಲಿನ ಬಾಗಿಲು

ಒಂದು ಗಂಟು ಉಳಿದಿತ್ತು. ಅಂಚುಗಳನ್ನು ಹಿಡಿದು ಕಟ್ಟಿದರೆ ನಡುವಿನ ಪ್ಯಾನೆಲ್ಲನ್ನು ಸುಲಭವಾಗಿ ಎತ್ತುವುದು ಹೇಗೆ? ಎತ್ತುವುದು ಕಷ್ಟವಾದರೆ ನಮ್ಮ ಊರಿನ ವಿದ್ಯುತ್ತಿನವರೂ ಕೊಕ್ಕೆಗಳನ್ನು ಡಬ್ಬಿಗೆ ತುಂಬಿ ಹೋಗುವವರೇ. ನಾನೂ ವಾಲ್ಟರನೂ ಅಡಿಗೆಮನೆಯ ಮೇಜಿನ ಮೇಲೆ ಎಷ್ಟೋ ಚಿತ್ರ ಬರೆದು ಹರಿದೆವು.

ಉತ್ತರ ಸಿಕ್ಕಿದ ಜಾಗವನ್ನು ಹೇಳಲು ಸಂಕೋಚವಾಗುತ್ತದೆ. ಹಡಗಿನ ಟಿಕೇಟಿನ ಕೆಲಸಕ್ಕೆ ಒಂದು ದಿನ ಲಂಡನ್ನಿಗೆ ಹೋಗಿದ್ದೆ. ವಾಪಸ್ಸು ಬರುವಾಗ ರೈಲಿನ ಶೌಚಾಲಯದ ಬಾಗಿಲು ಒಳಗಿನಿಂದ ಕಚ್ಚಿಕೊಂಡಿತು. ಬಡಿದೆ, ಕೂಗಿದೆ, ತಮಿಳಿನಲ್ಲೂ ಕೂಗಿದೆ. ಎರಡು ನಿಲ್ದಾಣ ದಾಟಿದ ಮೇಲೆ ಟಿಕೇಟು ತಪಾಸಣೆಯವನಿಗೆ ಕೇಳಿಸಿತು. ಆತ ಹೊರಗಿನ ಸಣ್ಣ ತೂತಿಗೆ ಒಂದು ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿದ. ನನ್ನ ಕಡೆಯ ಚಿಲಕದ ನಾಲಿಗೆ ಟಕ್ಕೆಂದು ಹಿಂದೆ ಸರಿಯಿತು. ಬಾಗಿಲು ತೆರೆದರೂ ನಾನು ಹೊರಬರಲಿಲ್ಲ. ಇನ್ನೊಂದು ಸಲ ತಿರುಗಿಸಿ ತೋರಿಸಿ ಎಂದೆ. ಆತ ನನ್ನನ್ನು ಅನುಮಾನದಿಂದ ನೋಡಿದರೂ ತಿರುಗಿಸಿ ತೋರಿಸಿದ, ಮತ್ತೂ ಎರಡು ಸಲ.

ಮೇಲಿನಿಂದ ತಿರುಗಿಸಿದರೆ ಕೆಳಗಿನ ನಾಲಿಗೆ ಪಕ್ಕದ ಪ್ಯಾನೆಲ್ಲಿನ ಅಂಚಿನಡಿಗೆ ಹೋಗಿ ಕೂರಬೇಕು. ಹಿಂದಕ್ಕೆ ತಿರುಗಿಸಿದರೆ ಬಿಡಬೇಕು. ಬೆರಳು ತೂರಿಸಬೇಕಾದ್ದಿಲ್ಲ, ಕಳೆದುಹೋಗುವ ಸಾಮಾನೂ ಇಲ್ಲ. ಒಂದು ಸ್ಕ್ರೂಡ್ರೈವರ್ ಸಾಕು. ವಾಲ್ಟರ್ ನಾಲ್ಕು ದಿನದಲ್ಲಿ ಅಂಥ ಹನ್ನೆರಡು ತಿರುಪುಗಳನ್ನು ಕಡೆದ. ಶೆಡ್ಡಿನ ಮೂಲೆಯಲ್ಲಿ ತೆಳು ತಗಡಿನ ನೆಲ ಜೋಡಿಸಿದೆವು. ಮಿಸೆಸ್ ಡೇಲ್ ತನ್ನ ಬಕೆಟ್ ಸಮೇತ ಬಸ್ಸಿನಲ್ಲಿ ಬಂದು ಅದರ ಮೇಲೆ ನಡೆದಳು, ಕಾರ್ಖಾನೆಯ ಎಂಜಿನಿಯರುಗಳೆಲ್ಲ ಸುತ್ತ ನಿಂತು ಬಕೆಟ್ಟಿನೊಳಗೆ ಇಣುಕುತ್ತಿದ್ದರು.

ಹೊರಡುವ ದಿನ ವಾಲ್ಟರ್ ನಿಲ್ದಾಣದವರೆಗೆ ಬಂದ. ಹೆಚ್ಚು ಮಾತಾಡುವ ಆಳಲ್ಲ. ರೈಲು ಬರುವ ಹೊತ್ತಿಗೆ ಹೇಳಿದ: "ಗಣಿಯಲ್ಲಿದ್ದವನಿಗೆ ಕಾಲ ಕೆಳಗಿನದರ ಮೇಲೆ ನಂಬಿಕೆ ಇರೋದಿಲ್ಲ. ನಾನು ಮೂವತ್ತು ವರ್ಷ ಹೀಗೇ ತುಳಿದು ತುಳಿದು ನೋಡ್ತಾ ಬಂದೆ. ಜೊತೆಗೆ ತುಳಿಯೋಕೆ ಒಬ್ಬರು ಬಂದದ್ದು ಇದೇ ಮೊದಲು."

ನಾನು ಕೈಮುಗಿದೆ. ಆತನೂ ಟೋಪಿ ತೆಗೆದು, ಅಭ್ಯಾಸವಿಲ್ಲದ ಕೈಗಳನ್ನು ಜೋಡಿಸಿ ನಿಂತ.

ಎಗ್ಮೋರ್

ವಾಪಸ್ಸಾದ ಮೇಲಿನ ವಾರಗಳು ಹೇಗೆ ಕಳೆದವೋ ತಿಳಿಯದು. ಸಮುದ್ರದ ಗಾಳಿಗೆ ತುಕ್ಕು ಹಿಡಿಯದಿರಲೆಂದು ತಿರುಪುಗಳನ್ನು ಹಿತ್ತಾಳೆಯಲ್ಲಿ ಮಾಡಿಸಿದೆವು. ಪೊಂಗಲ್‌ಗೆ ಮೂರು ದಿನ ಮುಂಚೆ ವರದಾಚಾರ್ಯರು ಮತ್ತೆ ಬಂದರು. ಈ ಸಲ ತಮ್ಮ ಇಬ್ಬರು ಗುಮಾಸ್ತರನ್ನು ಜೊತೆಗೇ ತಂದು, ಒಬ್ಬನನ್ನು ಬರೆಯಲು ಕೂರಿಸಿ ಇನ್ನೊಬ್ಬನನ್ನು ಅವನ ಸುತ್ತ ಓಡಾಡಿಸಿದರು. ಬರೆದ ಹಾಳೆಯನ್ನು ಬೆಳಕಿಗೆ ಹಿಡಿದು ಸಾಲು ಸಾಲಾಗಿ ಓದಿದರು.

"ಆಮಾಮ್ಮ, ಹೌದು, ಈಗ ಸರಿ ಹೋಯ್ತು," ಎಂದರು. "ನಾನು ಬೋರ್ಡಿಗೆ ಹೇಳ್ತೀನಿ. ನೀನು ಕೆಲ್ಸ ಷುರು ಮಾಡು."

ಕಟ್ಟಡ ಎದ್ದಿತು. ಮೂರು ವರ್ಷ ಯಾರೂ ಒಂದು ಗೋಡೆಯನ್ನೂ ಸರಿಸಲಿಲ್ಲ. ಸರಿಸಬಹುದಾದ ಕಟ್ಟಡವನ್ನು ಸರಿಸುವ ಧೈರ್ಯ ಯಾರಿಗೂ ಬರಲಿಲ್ಲವೇನೋ ಎಂದು ನನಗೆ ಒಳಗೊಳಗೇ ಬೇಸರ. ಆಮೇಲೊಂದು ದಿನ ವರದಾಚಾರ್ಯರಿಂದ ಫೋನು ಬಂತು. ಕಂಪನಿ ಮೊದಲ ಬಾರಿಗೆ ಮೂವರು ಹೆಣ್ಣುಮಕ್ಕಳನ್ನು ಟೈಪಿಂಗ್ ಕೆಲಸಕ್ಕೆ ತೆಗೆದುಕೊಂಡಿತ್ತು. ಎರಡನೆಯ ಮಹಡಿಯಲ್ಲಿ ಅವರಿಗೊಂದು ವಿಶ್ರಾಂತಿಯ ಕೋಣೆ ಬೇಕು, ನೀರಿನ ಕೊಳಾಯಿ ಸಮೇತ.

ಒಂದು ಭಾನುವಾರ ನಾಲ್ಕು ಜನ ಫಿಟ್ಟರುಗಳೊಂದಿಗೆ ಹೋದೆ. ಬೆಳಗ್ಗೆ ನೆಲ ಎತ್ತಿದೆವು, ಕೊಳವೆ ಎಳೆದೆವು, ಗೋಡೆ ತಂದು ನಿಲ್ಲಿಸಿದೆವು. ಸಂಜೆ ದೀಪ ಹಚ್ಚುವ ಮೊದಲೇ ಕೋಣೆ ಸಿದ್ಧವಾಗಿತ್ತು. ಮರುದಿನ ಹೇಗಿದೆಯೆಂದು ನೋಡಲು ಬೇಗನೆ ಹೋದೆ. ಮೂವರು ಹುಡುಗಿಯರೂ ಒಳಗಿದ್ದರು. ಹಾಗೇ ಮಾತಾಡುತ್ತಿದ್ದಾಗ ಬಾಗಿಲು ತೆರೆಯಿತು. ಹೆಡ್ ಕ್ಲರ್ಕ್ ಸುಬ್ಬರಾಮನ್, ಮುಖದ ಮುಂದೆ ಪತ್ರಿಕೆ ಹಿಡಿದು ಓದುತ್ತಲೇ, ಮೂರು ವರ್ಷದ ಅಭ್ಯಾಸದಂತೆ ಮೆಟ್ಟಿಲಿನಿಂದ ಹದಿನೈದು ಹೆಜ್ಜೆ ಎಣಿಸಿ ನಡೆದು ಬಂದು ತಮ್ಮ ಕುರ್ಚಿಯಿರಬೇಕಾದ ಜಾಗದಲ್ಲಿ ನಿಂತರು. ಪತ್ರಿಕೆ ಇಳಿಸಿದರೆ ಎದುರಿಗೆ ಕನ್ನಡಿ, ಅದರಲ್ಲಿ ನಾಲ್ವರು ಹೆಂಗಸರು.

ಅವರು ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದರು. ಕ್ಷಮೆ ಕೇಳಬೇಕೆಂದು ನಾನು ಹಿಂದೆಯೇ ಹೋದೆ. ಹೊಸ ಗೋಡೆಯ ಈಚೆ, ಮೊದಲಿನಂತೆಯೇ ನಡುಭಾಗದ ಮಬ್ಬಿನಲ್ಲಿ ಹಾಕಿದ್ದ ತಮ್ಮ ಮೇಜನ್ನು ಅವರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗೋಡೆ, ನೆಲ, ಟೆಲಿಫೋನು, ಇವೆಲ್ಲ ನಿಜವಾಗಿಯೂ ಒಂದೇ ದಿನದಲ್ಲಿ ಸರಿದವೇ ಎಂದು ತಮಿಳಿನಲ್ಲಿ ಕೇಳಿದರು. ಹೌದೆಂದೆ. ಹಳೆಯ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ, ಇಲ್ಲಿ ಮೂರು ವರ್ಷ, ತಾವು ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡೇ ಕೆಲಸ ಮಾಡಿದ್ದು ಎಂದರು. ಅದು ದೂರು ಹೇಳಿದಂತಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ನನ್ನನ್ನು ನೋಡದೆ, ಕಿಟಕಿಯ ಕಡೆಗೆ ಬರಲು ತಾವು ಯಾರಿಗೆ ಅರ್ಜಿ ಬರೆಯಬೇಕಾಗುತ್ತದೆ ಎಂದು ಕೇಳಿದರು.

ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಅವರ ಟೆಲಿಫೋನಿನ ತಂತಿಯಿದ್ದ ಪ್ಯಾನೆಲ್ಲಿನ ತಿರುಪಿಗೆ ಹಚ್ಚಿದೆ. ಹತ್ತು ಗಂಟೆಯ ಗಂಟೆ ಬಾರಿಸುವಷ್ಟರಲ್ಲಿ ಸುಬ್ಬರಾಮನ್ ಅವರು ಕಿಟಕಿಯ ಪಕ್ಕದಲ್ಲಿ, ಬಿಸಿಲಿನಲ್ಲಿ ಕುಳಿತಿದ್ದರು.